ಒರೆಸಿ ತೆಗೆದ ಬೆಳಕು

"ಬಿಳಿ ಬಣ್ಣ ಯಾಕೆ ತಂದ್ರಿ?" ಚಿತ್ರಕಾರ ಹುಬ್ಬು ಗಂಟಿಕ್ಕಿ ಕೇಳಿದ.

"ಬೆಳಕು ಬಿಡಿಸೋಕೆ," ಎಂದಳು ಫಿಸಿಯೋಥೆರಪಿಸ್ಟ್.

"ಜಲವರ್ಣದಲ್ಲಿ ಬೆಳಕನ್ನ ಹಚ್ಚೋದಲ್ಲ ರೀ, ಉಳಿಸೋದು. ಖಾಲಿ ಕಾಗದವೇ ಬೆಳಕು."

ಅವಳಿಗೆ ಒಳಗೊಳಗೇ ಖುಷಿ. ಮುರಿದ ಬಲ ಮಣಿಕಟ್ಟಿನ ಪ್ಲಾಸ್ಟರ್ ಬಿಚ್ಚಿದ ಮೇಲೂ ಈತ ಕುಂಚ ಮುಟ್ಟಿರಲಿಲ್ಲ. ಇನ್ನು ತನ್ನಿಂದಾಗದು ಎಂದು ಪಟ್ಟು ಹಿಡಿದವನನ್ನು ಅವನ ಅಕ್ಕ ಕ್ಲಿನಿಕ್ಕಿಗೆ ಎಳೆದುಕೊಂಡೇ ಬರುತ್ತಿದ್ದಳು. ರಬ್ಬರ್ ಚೆಂಡು ಹಿಸುಕು ಎಂದರೆ ಮುಖ ಊದಿಸುತ್ತಿದ್ದ. ಕಡೆಗೆ ಇವಳೇ ಬಣ್ಣ ಕೊಂಡು ತಂದು, ಅವನೆದುರು ಕಿಟಕಿಯೊಂದನ್ನು ಬರೆದಿದ್ದಳು. ಗಾಜಿಗೂ ಗಾಢ ನೀಲಿ ಬಳಿದುಬಿಟ್ಟಿದ್ದಳು.

"ಅಯ್ಯೋ, ಬೆಳಕು ಬರೋ ಜಾಗಾನೇ ಮುಚ್ಚಿಬಿಟ್ರಲ್ಲ!"

"ಹಾಗಾದ್ರೆ ಎಸೆದುಬಿಡ್ಲಾ?"

"ತಡೀರಿ. ಒಣಗಲಿ. ಆಮೇಲೆ ಒದ್ದೆ ಕುಂಚದಲ್ಲಿ ಮೆಲ್ಲಗೆ ಸವರಿ, ಬಟ್ಟೆ ಒತ್ತಿದ್ರೆ ಬಣ್ಣ ಎದ್ದು ಬರುತ್ತೆ."

ಅವಳು ಉಜ್ಜಿದ ರಭಸಕ್ಕೆ ಕಾಗದವೇ ನಾರು ಬಿಟ್ಟಿತು.

"ಪಾತ್ರೆ ತಿಕ್ಕೋ ಹಾಗಲ್ಲ ರೀ!" ಎನ್ನುತ್ತಾ ಅವನು ಕುಂಚ ಕಸಿದುಕೊಂಡ. ಬಲಗೈಯಲ್ಲಿ.

ಇಬ್ಬರಿಗೂ ಅದು ಒಟ್ಟಿಗೇ ಅರಿವಾಯಿತು. ಅವನು ಕುಂಚ ಕೆಳಗಿಡಲು ಹೋದ. ಅವಳು ಮಣಿಕಟ್ಟಿನ ಕೆಳಗೆ ತನ್ನ ಅಂಗೈ ಇಟ್ಟಳು.

"ನಾನಿದೀನಿ. ಮಾಡಿ."

ಒಂದು ಎಳೆ, ಪಕ್ಕದಲ್ಲಿ ಇನ್ನೊಂದು. ನೀಲಿಯೊಳಗಿಂದ ತೆಳ್ಳನೆಯ ಬೆಳಗು ಮೂಡಿತು. ಅವನ ಕಣ್ಣು ತುಂಬಿ ಬಂತು. ಅವಳು ನೋಡದವಳಂತೆ ಬಟ್ಟೆ ಒತ್ತುತ್ತಿದ್ದಳು.

ಅಲ್ಲಿಂದಾಚೆಗೆ ಬಂದಾಗಲೆಲ್ಲ ಅವನು ಒಂದೊಂದು ವಿದ್ಯೆ ಕಲಿಸಿದ. ಮೇಣದಲ್ಲಿ ಗೀರಿ ಮೇಲೆ ಬಣ್ಣ ಹರಿಸಿದರೆ ನೀರಿನ ಮಿನುಗು. ಬ್ಲೇಡಿನ ತುದಿಯಲ್ಲಿ ಕೆರೆದರೆ ಎಲೆಯಂಚಿನ ಹೊಳಪು. ಅವನ ಕೈ ಪಳಗಿತು. ಅವಳಿಗೋ, ಕೆಲಸದ ದಿನಗಳು ಇಷ್ಟು ಬೇಗ ಮುಗಿಯುವುದೇ ಹೊಸತು.

ಕೊನೆಗೊಂದು ಸಂಜೆ ಅವಳು ಅವನ ಮಣಿಕಟ್ಟನ್ನು ತಿರುಗಿಸಿ ನೋಡಿ, ಮೆಲ್ಲಗೆ ಬಿಟ್ಟಳು. "ಪೂರ್ತಿ ವಾಸಿಯಾಗಿದೆ. ಇನ್ನು ನೀವು ಬರಬೇಕಾಗಿಲ್ಲ."

ಅವನು ಏಳಲಿಲ್ಲ.

"ನನ್ನ ಕೈ ನನಗೆ ವಾಪಸ್ ಕೊಟ್ರಿ. ಥ್ಯಾಂಕ್ಸ್ ಹೇಳಿ ಹೊರಟುಬಿಡೋಣ ಅಂತಾನೇ ಬಂದೆ. ಕಾಲೇ ಏಳ್ತಿಲ್ಲ."

"ಈಗ ಕಾಲಿಗೂ ಟ್ರೀಟ್‌ಮೆಂಟ್ ಬೇಕಾ?" ನಗಲು ಹೋದಳು, ದನಿ ಒಡೆಯಿತು.

"ನೀವು ಬೇಕು."

ಅವಳು ಬಣ್ಣದ ಬಟ್ಟೆಯನ್ನು ಮಡಚತೊಡಗಿದಳು. "ಬೆಳಗ್ಗೆ ಎದ್ದ ತಕ್ಷಣ, ಇವತ್ತು ನೀವು ಬರೋ ದಿನಾನಾ ಅಂತ ಲೆಕ್ಕ ಹಾಕ್ತಿದ್ದೆ. ಎಷ್ಟೋ ವರ್ಷದಿಂದ ಯಾವ ಬೆಳಗ್ಗೆನೂ ಹಾಗಿರಲಿಲ್ಲ. ಥ್ಯಾಂಕ್ಸ್ ಹೇಳಬೇಕಾದವಳು ನಾನು."

ಹೊರಗೆ ಕಾದು ಕೂತಿದ್ದ ಅಕ್ಕ ಬಾಗಿಲು ತಟ್ಟಿದಳು. "ಮುಗೀತೇನೋ?"

"ಇಲ್ಲ ಅಕ್ಕಾ," ಎಂದಳು ಅವಳು, ಅವನು ಬಾಯಿ ತೆರೆಯುವ ಮೊದಲೇ. "ನೀವು ಹೋಗಿರಿ. ನಾವು ನಡ್ಕೊಂಡು ಬರ್ತೀವಿ."