ಬೆಸುಗೆ ಹಾಕಿದ ಮಗ್ಗು

"ಅದನ್ನ ಮುಟ್ಟಬೇಡ ಕಣೋ! ಬದುಕಿರೋರ ಹೆಸರನ್ನ ಸತ್ತೋರ ಸಾಲಲ್ಲಿ ಕೂಗಬೇಡಿ, ನಿಮ್ಮ ದಮ್ಮಯ್ಯ!"

ಡೋರೆಟೆ ಅಜ್ಜಿ ವಿದ್ಯಾರ್ಥಿ ಸಂಘದ ಮನೆಯ ಅಡುಗೆಯವಳು. ಗೋಡೆಯ ಮೇಲಿನ ಬಿಯರ್ ಮಗ್ಗುಗಳ ಸಾಲಿನಲ್ಲಿ ಕಟ್ಟಕಡೆಯದಕ್ಕೆ ಗೇರೋ ಕೈ ಹಾಕಿದ್ದೇ ತಡ, ಸೌಟು ಹಿಡಿದೇ ಓಡಿ ಬಂದಿದ್ದಳು. ಮಣ್ಣಿನ ಮಗ್ಗು, ತವರದ ಮುಚ್ಚಳ. ಮುಚ್ಚಳದ ಸುತ್ತ ಸೀಸದ ಬೆಸುಗೆ. ಮೇಲೆ ಕೆತ್ತಿದ್ದ ಹೆಸರನ್ನು ಯಾರೋ ಮೊಳೆಯಿಂದ ಗೀಚಿದ್ದರು, ಆದರೂ ಓದಲು ಬರುತ್ತಿತ್ತು: ಎಮಿಲ್ ಲಿಲಿಯೆನ್‌ಫೆಲ್ಡ್.

"ಒಳಗೆ ದೆವ್ವ ಇದೆಯಾ?" ಗೇರೋ ನಕ್ಕ. "ನಾನು ಡಾಕ್ಟರಿಕೆ ಓದೋನು ಅಜ್ಜಿ. ಬೆಳಿಗ್ಗೆ ಹೆಣ ಕುಯ್ದು ಮಧ್ಯಾಹ್ನ ಊಟ ಮಾಡ್ತೀನಿ."

"ನೀನು ಕುಯ್ಯೋ ಹೆಣ ಮಾತಾಡಲ್ಲ. ಇವನು ಮಾತಾಡಿದ್ದ." ಅಜ್ಜಿಯ ದನಿ ಇಳಿಯಿತು. "ಮೂವತ್ಮೂರನೇ ಇಸವಿ. ಯಹೂದಿ ಅಂತ ಸಂಘದಿಂದ ಆಚೆ ಹಾಕಿದ್ರು. ಅದೂ ಸಾಲದು ಅಂತ, ಸತ್ತ ಗೆಳೆಯರ ನೆನಪಿಗೆ ಮಾಡೋ ಸಾವಿನ ಪಾನಾನ ಬದುಕಿದ್ದೋನಿಗೇ ಮಾಡಿದ್ರು. ದೀಪ ಆರಿಸಿ ಮೂರು ಸಲ ಹೆಸರು ಕೂಗಿದ್ರು. ಅವನು ಆ ಬಾಗಿಲ ಹಿಂದೇನೇ ನಿಂತಿದ್ದ. ಮೂರು ಸಲಾನೂ 'ಇದ್ದೀನಿ' ಅಂದ. ಎಲ್ರೂ ಕಿವುಡರಾದ್ರು. ಆಗ ಸಂಘದ ಹಿರಿಯನಾಗಿದ್ದ ನಿನ್ನ ತಾತ ಅವನ ಮಗ್ಗನ್ನ ನೆಲಕ್ಕೆ ಅಪ್ಪಳಿಸ್ದ. ಒಡೀಲಿಲ್ಲ. ಹೆದರಿ ಮುಚ್ಚಳಕ್ಕೆ ಬೆಸುಗೆ ಹಾಕಿ ಇಲ್ಲಿ ನೇತುಹಾಕಿದ್ರು. ಆ ವಾರದಲ್ಲೇ ಹುಡುಗ ಹೊಳೇಲಿ ಸಿಕ್ಕ. ಅದು ಮಾಟ ಕಣೋ. ಮಾಡಿದೋರು ಇವರೇ."

"ಅಡ್ಗೂಲಜ್ಜಿ ಕತೆ ಬಿಡಿ," ಎಂದು ಗೇರೋ ಮಗ್ಗನ್ನು ಮೊಳೆಯಿಂದ ಇಳಿಸಿದ.

ಈ ಸಂಘದ ಚರಿತ್ರೆ ಕೇಳಬೇಕು ನೀವು! ಅರಸರು ವಿದ್ಯಾರ್ಥಿಗಳನ್ನು ಜೈಲಿಗೆ ತಳ್ಳುತ್ತಿದ್ದ ಕಾಲದಲ್ಲಿ ಸ್ವಾತಂತ್ರ್ಯಕ್ಕಾಗಿ ಕಟ್ಟಿದ್ದಂತೆ. ಎದೆಯ ಮೇಲೆ ಬಣ್ಣದ ಪಟ್ಟಿ ಧರಿಸಿದವನು ಸಾಯುವವರೆಗೂ ಗೆಳೆಯನಂತೆ. ಪ್ರತಿ ಹಬ್ಬದಲ್ಲೂ ಎದ್ದು ನಿಂತು, ಕಣ್ಣು ಒದ್ದೆ ಮಾಡಿಕೊಂಡು ಹಾಡುತ್ತಾರೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಇದೇ ಸಂಘದ ಮಾನಕ್ಕಾಗಿ ಎಮಿಲ್ ಕತ್ತಿ ಹಿಡಿದು, ಎಡಗೆನ್ನೆ ಸೀಳಿಸಿಕೊಂಡಿದ್ದ. ಆ ಗಾಯ ಮಾಗುವ ಮುಂಚೆಯೇ ಅವನನ್ನು ಬೀದಿಗೆ ಎಸೆದರು. ಯುದ್ಧ ಮುಗಿದು ಇಪ್ಪತ್ತು ವರ್ಷವಾಗುತ್ತ ಬಂದರೂ ಯಾವ ಭಾಷಣದಲ್ಲೂ ಅವನ ಹೆಸರಿಲ್ಲ. ಹೊಟ್ಟೆ ಉರಿಯದೆ ಇರುತ್ತದೆಯೇ?

ಗೇರೋ ಮಗ್ಗು ಇಳಿಸಿದ ಆ ದಿನವೇ ಬೆಳಿಗ್ಗೆ ಮತ್ತೊಬ್ಬನ ಸರದಿ ಬಂದಿತ್ತು. ವೆಂಟ್ಸೆಲ್, ಗೇರೋನ ಜೊತೆ ಒಂದೇ ಕೋಣೆಯಲ್ಲಿದ್ದ ಹುಡುಗ. ತಾಯಿ ಕಳಿಸಿದ ಪ್ಲಮ್ ಹಣ್ಣಿನ ಕೇಕನ್ನು ಗೇರೋನಿಗೆ ಅರ್ಧ ಕೊಡದೆ ತಿಂದವನಲ್ಲ. ಕತ್ತಿಯ ಪಂದ್ಯದಲ್ಲಿ ಒಂದೇ ನಿಯಮ: ಅಲಗು ಕೆನ್ನೆಗೆ ಬಂದರೂ ತಲೆ ಅಲುಗಬಾರದು. ವೆಂಟ್ಸೆಲ್‌ನ ತಲೆ ಅಲುಗಿತು. ಮಧ್ಯಾಹ್ನದೊಳಗೆ ಮತ ಹಾಕಿ ಹೊರದಬ್ಬಿದರು. ಗೇರೋ ಕೂಡ ಕೈ ಎತ್ತಿದ. ವೆಂಟ್ಸೆಲ್ ಉಳಿದ ಯಾರನ್ನೂ ನೋಡಲಿಲ್ಲ, ಆ ಒಂದು ಕೈಯನ್ನೇ ನೋಡಿ, ಪೆಟ್ಟಿಗೆ ಎತ್ತಿಕೊಂಡು ರೈಲಿಗೆ ಹೋದ.

"ಹೇಡಿಗೆ ಒಂದು ಸಾವಿನ ಪಾನ ಮಾಡೋಣ್ವೇನ್ರೋ?" ಎಂದಿದ್ದ ಸಂಘದ ಮುಖ್ಯಸ್ಥ ಹಾರ್ಟ್‌ವಿಗ್. "ಗೇರೋ, ಆ ಕೊನೇ ಮಗ್ಗು ಇಳಿಸಿ ನೀನೇ ನಡೆಸು. ನಿನ್ನ ತಾತನ ಹೆಸರು ಉಳಿಸು. ಪಟ್ಟಿ ಇವತ್ತೇ ನಿನ್ನ ಎದೆ ಮೇಲೆ."

ಗೇರೋನಿಗೆ ಬೇಕಾಗಿದ್ದುದು ಆ ಪಟ್ಟಿ. ಆ ಮೇಜಿನಲ್ಲಿ ಒಂದು ಜಾಗ. ಅದಕ್ಕಾಗಿ ಗೆಳೆಯನನ್ನು ಮಾರಿದ್ದವನು ಒಂದು ಮಗ್ಗಿಗೆ ಹೆದರುತ್ತಾನೆಯೇ?

ಕಿಟಕಿಯ ಹಲಗೆಗಳನ್ನು ಎಳೆದು ಮುಚ್ಚಿದರು. ಚಳಿಗಾಲದ ಮಧ್ಯಾಹ್ನ ಒಮ್ಮೆಲೇ ಕತ್ತಲಾಯಿತು. ಒದ್ದೆ ಉಣ್ಣೆಯ ವಾಸನೆ, ಹುಳಿತ ಬಿಯರು, ಆರಿಸಿದ ಮೇಣದ ಬತ್ತಿಯ ಹೊಗೆ. ಪದ್ಧತಿಯಂತೆ ಎಲ್ಲರೂ ಗ್ಲಾಸಿನ ತಳವನ್ನು ಮೇಜಿನ ಮೇಲೆ ಸುತ್ತಿಸುತ್ತ ಗರಗರ ಉಜ್ಜತೊಡಗಿದರು. ನಿಲ್ಲಿಸಿದರು.

"ವೆಂಟ್ಸೆಲ್!" ಗೇರೋ ಕೂಗಿದ. ಯಾರೋ ಕಿಸಕ್ಕೆಂದ.

"ವೆಂಟ್ಸೆಲ್!"

"ಇದ್ದೀನಿ."

ಬಾಗಿಲ ಹಿಂದಿನಿಂದ. ವೆಂಟ್ಸೆಲ್‌ನ ದನಿಯಲ್ಲ. ಹೊಳೆಯ ನೀರು ಕುಡಿದ ದನಿ. ಸುತ್ತ ಯಾರೂ ಮಿಸುಕಲಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು. ಬಾಯಿ ಬಿಟ್ಟು 'ಯಾರೋ ಇದ್ದಾರೆ' ಅಂದಿದ್ದರೆ ಸಾಕಿತ್ತು.

"ವೆಂಟ್ಸೆಲ್!"

"ಇದ್ದೀನಿ." ಈಗ ಕಿವಿಯ ಹತ್ತಿರವೇ.

ಕೇಳಿಸಿತು ಅವನಿಗೆ. ಚೆನ್ನಾಗಿಯೇ ಕೇಳಿಸಿತು. ಕೇಳಿಸಿಯೂ ಆ ಪಾಪಿ, ಮಗ್ಗನ್ನು ನೆಲಕ್ಕೆ ಅಪ್ಪಳಿಸಿದ.

ಈ ಸಲ ಒಡೆಯಿತು. ಹೊಳೆಯ ಕೆಸರಿನ ನಾತ ಭಗ್ಗೆಂದು ಎದ್ದಿತು. ಯಾರೋ ಕೆಮ್ಮಿದರು. ದೀಪ ಹತ್ತಿತು.

ಪಾನದ ನಂತರ ಉಳಿದವರ ಹಾಜರಿ ಕೂಗುವುದು ಪದ್ಧತಿ. ಒಬ್ಬೊಬ್ಬರೂ ಇದ್ದೀನಿ ಎಂದರು.

"ಗೇರೋ?"

"ಇದ್ದೀನಿ."

ಹಾರ್ಟ್‌ವಿಗ್ ಅತ್ತಿತ್ತ ನೋಡಿದ. "ಗೇರೋ ಎಲ್ರೋ?"

"ಇಲ್ಲೇ ಇದ್ದೀನಲ್ಲೋ!"

ಪಕ್ಕದವನು ಬೆಂಚಿನ ಮೇಲೆ ಸರಿದು ಆರಾಮಾಗಿ ಕೈ ಚಾಚಿದ. "ನಡುಕ ಹುಟ್ಟಿ ಓಡಿರಬೇಕು. ಅವನೂ ಹೇಡಿನೇ."

"ಹಾಗಾದ್ರೆ ಅವನಿಗೂ ಒಂದು ಮಾಡ್ರೋ!" ಗೊಳ್ಳೆಂದು ನಕ್ಕರು. ದೀಪ ಆರಿತು.

ಗೇರೋ ಅರಚಿದ. ಭುಜಗಳನ್ನು ಹಿಡಿದು ಅಲುಗಿಸಿದ. ಮೇಜು ಗುದ್ದಿದ. ಗರಗರ. ಗರಗರ. ಮೊದಲ ಕೂಗು. ಇದ್ದೀನಿ! ಎರಡನೆಯದು. ಇದ್ದೀನ್ರೋ! ಮೂರನೆಯದು. ಗಂಟಲು ಹರಿಯಿತು. ಯಾರೋ ಅವನ ಗ್ಲಾಸನ್ನು ನೆಲಕ್ಕೆ ಅಪ್ಪಳಿಸಿದರು. ಫಳ್ಳೆಂದಿತು.

ಅವನು ಬಾಗಿಲ ಹೊರಗಿದ್ದ.

ಮೊಗಸಾಲೆಯಲ್ಲಿ ಕೆಸರಿನ ವಾಸನೆ. ಪಕ್ಕದಲ್ಲಿ ಒಬ್ಬ ನಿಂತಿದ್ದ. ಒದ್ದೆ ಕೋಟು, ಎಡಗೆನ್ನೆಯಲ್ಲಿ ಮಾಗದ ಸೀಳು.

"ನಾನು ಉತ್ತರ ಕೊಟ್ಟೆ," ಗೇರೋ ಬಿಕ್ಕಿದ. "ಮೂರು ಸಲಾನೂ ಕೊಟ್ಟೆ."

"ನಾನೂ ಕೊಟ್ಟಿದ್ದೆ," ಎಂದ ಎಮಿಲ್. ಆ ಕಣ್ಣಲ್ಲಿ ಕರುಣೆ ಇರಲಿಲ್ಲ. "ನಿನ್ನ ತಾತನಿಗೂ ಕೇಳಿಸಿತ್ತು. ನಿನಗೂ ಕೇಳಿಸಿತು." ಅಷ್ಟು ಹೇಳಿ ಮೆಟ್ಟಿಲಿಳಿದು, ಮೂವತ್ತು ವರ್ಷದ ನಂತರ, ಬೆಳಕಿಗೆ ನಡೆದು ಹೋದ. ಕಾಯುವ ಜಾಗಕ್ಕೆ ಈಗ ಬೇರೊಬ್ಬ ಸಿಕ್ಕಿದ್ದ.

ಅಡುಗೆಮನೆಯಿಂದ ತಟ್ಟೆ ಹಿಡಿದು ಡೋರೆಟೆ ಅಜ್ಜಿ ಬಂದಳು. ಗೇರೋ ಕಾಲಿಗೆ ಬಿದ್ದ. "ಅಜ್ಜೀ! ಬಾಗಿಲು ತೆಗೀರಿ! ನಾನಿದ್ದೀನಿ ಅಂತ ಹೇಳಿ ಅವರಿಗೆ!"

ಅಜ್ಜಿ ನಿಂತಳು.

"ಕೇಳಿಸ್ತು ಮಗಾ," ಎಂದಳು, ಮುಖ ಎತ್ತದೆ. "ಅವತ್ತೂ ಕೇಳಿಸಿತ್ತು."

ಅಡುಗೆಮನೆಗೆ ಹಿಂತಿರುಗಿ ಬಾಗಿಲು ಹಾಕಿಕೊಂಡಳು. ಒಳಗೆ ನಲ್ಲಿ ಜೋರಾಗಿ ಬಿಟ್ಟ ಸದ್ದು ಕೇಳಿಸಿತು.