ಮೂರು ಗಂಟು, ಮೂರು ಕೂಗು

ಚಿನ್ನದ ಗುಂಡಿಯ ಬಾಯಿಗೆ ಅಡ್ಡವಾಗಿ ಬಿದ್ದಿದ್ದ ನೂಲಿನ ಹುರಿಯನ್ನು ಫೋದೆ ದ್ಯಾರಾ ಕಾಲ್ಬೆರಳಿನಲ್ಲಿ ಎತ್ತಿದಾಗ, ಹಗ್ಗ ಹಿಡಿದು ನಿಂತಿದ್ದ ಸಿರಾ ಎರಡು ಹೆಜ್ಜೆ ಹಿಂದೆ ಸರಿದಳು.

"ಮುಟ್ಟಬೇಡ ಅಣ್ಣಾ. ನಮ್ಮ ಮಾವ ಕಟ್ಟಿದ್ದು. ಒಂದೊಂದು ಗಂಟಿಗೂ ಒಂದೊಂದು ಮಾತು ಹೇಳಿ ಉಗುಳಿದಾರೆ."

ಕಡಲೆಕಾಳಿನಷ್ಟು ಬಿಗಿಯಾದ ಮೂರು ಗಂಟುಗಳು. ಅವುಗಳ ಮೇಲೆ ಕೋಲಾ ಬೀಜ ಅಗಿದ ಕೆಂಪು ಎಂಜಲು ಒಣಗಿ ಅಂಟಿತ್ತು. ಫೋದೆ ಮೂಸಿ ನೋಡಿದ. ಸುಟ್ಟ ಕೋಳಿಪುಕ್ಕದ ವಾಸನೆ, ಅದರಡಿಯಲ್ಲಿ ಹಳಸಿದ ರಕ್ತದ್ದು. ಟಾರ್ಚಿನ ಪಟ್ಟಿ ಕಿತ್ತುಹೋಗಿ ವಾರವಾಗಿತ್ತು. ಆ ಹುರಿಯನ್ನೇ ಟಾರ್ಚಿಗೆ ಪೋಣಿಸಿ ಕೊರಳಿಗೆ ಹಾಕಿಕೊಂಡ.

"ಗಟ್ಟಿ ಇದೆ. ನಿಮ್ಮ ಮಾವನಿಗೆ ಹೇಳು, ಅಲಸಂದೆ ತಿನ್ನೋರಿಂದ ಮಂತ್ರ ಹೊರಡಲ್ಲ, ಗಾಳಿ ಹೊರಡುತ್ತೆ ಅಂತ."

ದ್ಯಾರಾ ಮನೆತನಕ್ಕೂ ತ್ರಾವೊರೆ ಮನೆತನಕ್ಕೂ ತಲೆಮಾರುಗಳಿಂದ ಗೇಲಿಯ ನಂಟು. ಅಲಸಂದೆಯ ಹೆಸರೆತ್ತಿ ಎಷ್ಟು ಅಣಕಿಸಿದರೂ ನಗಲೇಬೇಕು. ನಗುವಷ್ಟು ಕಾಲ ಒಬ್ಬರಿಗೊಬ್ಬರು ಕೇಡು ಬಗೆಯುವಂತಿಲ್ಲ. ಆದರೆ ಹಿಂದಿನ ಸೋಮವಾರ, ಗುಂಡಿಗಳಿಗೆ ಬಿಡುವಿನ ದಿನ, ಹುಣಸೆಮರದಡಿ ಕೂಡಿದ ಸಭೆಯಲ್ಲಿ ಫೋದೆ ಇದೇ ಮಾತು ಆಡಿದಾಗ ಸಿರಾಳ ಮಾವ, ಮುದುಕ ತಂಬಾ ತ್ರಾವೊರೆ ನಗಲಿಲ್ಲ. ಸಿರಾಳ ಎದೆಯಲ್ಲಿ ಅಳುಕು ಹುಟ್ಟಿದ್ದು ಆಗಲೇ.

ತಂಬಾ ಇಪ್ಪತ್ತೆರಡು ವರ್ಷ ಚಿನ್ನ ಅಗೆಯುವವರ ಆ ಬಿಡಾರದ ಯಜಮಾನನಾಗಿದ್ದ. ಗುಂಡಿ ಯಾರದೆಂಬ ಜಗಳಕ್ಕೆ ಅವನ ಕಾನೂನು ಒಂದೇ. ಮೇಲಿನಿಂದ ಮೂರು ಸಲ ಹೆಸರು ಕೂಗಬೇಕು. ಒಳಗಿದ್ದವನು ಬಂಡೆಗೆ ಮೂರು ಏಟು ಹೊಡೆದು ಓಗೊಡಬೇಕು. ಬಾಯಿಂದ ಓಗೊಡುವಂತಿಲ್ಲ, ನೆಲದೊಳಗಿನ ದೆವ್ವಗಳು ದನಿಯನ್ನು ಕಲಿತುಬಿಡುತ್ತವೆ. ಬಡಿತ ಕೇಳುತ್ತಿರುವತನಕ ಗುಂಡಿ ಅವನದು; ಒಳಗೆ ಸಿಕ್ಕಿಬಿದ್ದವನ ಬಡಿತ ಕೇಳಿದವರು ಬಿಡಿಸಲು ಹೋಗಲೇಬೇಕು.

ರಾಜಧಾನಿ ಬಮಾಕೊದಲ್ಲಿ ಎರಡು ವರ್ಷ ಭೂವಿಜ್ಞಾನ ಓದಿ, ನೀರೆತ್ತುವ ಪಂಪಿನೊಂದಿಗೆ ಬಂದಿಳಿದ ಫೋದೆಗೆ ಇದು ಕೇಳಿಯೇ ನಗು ಬಂದಿತ್ತು. ಕಲ್ಲನ್ನು ಯಾರು ಬೇಕಾದರೂ ಬಡಿಯಬಹುದು, ಕಳ್ಳನೂ ಬಡಿಯಬಹುದು ಎಂದು ಅವನು ಆ ಸೋಮವಾರದ ಸಭೆಯಲ್ಲಿ ವಾದಿಸಿದ. ಹೊರಗಿನಿಂದ ಬಂದ ಹುಡುಗರು ತಲೆದೂಗಿದರು. ಹೊಸ ಕಾನೂನು ಬಂತು: ಮೂರು ಕೂಗಿಗೆ ತನ್ನ ಬಾಯಿಂದಲೇ ಓಗೊಡದವನ ಗುಂಡಿ ಪಾಳು, ಪಾಳು ಗುಂಡಿಯ ಬಾಯಿಗೆ ಮರದ ದಿಮ್ಮಿ ಹಾಸಿದವನೇ ಒಡೆಯ. ಸಭೆಯಲ್ಲೂ ಬಾಯಿಬಿಟ್ಟು ಹೇಳಿದ ಮತವೇ ಮತ. ಅದೇ ಸಭೆಯಲ್ಲಿ ತಂಬಾನನ್ನು ಇಳಿಸಿ ಫೋದೆಯನ್ನು ಯಜಮಾನನನ್ನಾಗಿ ಕೂರಿಸಿದರು.

ಬಿಡಾರದಲ್ಲಿ ಅತಿ ಹೆಚ್ಚು ಚಿನ್ನದ ಗೆರೆಯಿದ್ದ ಗುಂಡಿ ತಂಬಾನ ಮಗ ಕೆಕೋರೊನದು. ಕೆಕೋರೊ ಹುಟ್ಟುಮೂಗ. ಕಾನೂನು ಯಾರಿಗಾಗಿ ಹುಟ್ಟಿತೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡಲಿಲ್ಲ. ಮರುದಿನವೇ ಫೋದೆ ಆ ಗುಂಡಿಯ ಮೇಲೆ ನಿಂತು ಮೂರು ಸಲ ಕೂಗಿದ. ಕೆಳಗಿನಿಂದ ಬಡಿತ ಬಂತು, ನಿಂತಿತು, ಮತ್ತೆ ಜೋರಾಗಿ ಬಂತು. ಗಂಡ ಒಳಗಿದ್ದಾನೆಂದು ಸಿರಾ ಬೇಡಿಕೊಂಡಳು. ನನಗೇನೂ ಕೇಳಿಸುತ್ತಿಲ್ಲ ಎಂದು ಫೋದೆ ಸುತ್ತ ನಿಂತವರತ್ತ ತಿರುಗಿ ನಕ್ಕ. ಕೆಕೋರೊ ಹಗ್ಗ ಹಿಡಿದು ಮೇಲೆ ಬರುವಷ್ಟರಲ್ಲಿ ಅರ್ಧ ಬಾಯಿಗೆ ದಿಮ್ಮಿ ಬಿದ್ದಿತ್ತು. ಬೇರೆ ಕೂಳಿಲ್ಲದ ಸಿರಾ ಈಗ ಅದೇ ಗುಂಡಿಗೆ ಫೋದೆಯ ಕೂಲಿಯಾಗಿ ಹಗ್ಗ ಎಳೆಯುತ್ತಿದ್ದಳು.

ಅವಳು ಹಗ್ಗ ಸಡಿಲಿಸಿದಳು. ಫೋದೆ ಇಳಿದ.

ನೆತ್ತಿಯ ಮೇಲೆ ನಡುಹಗಲಿನ ಬಿಸಿಲು ಕುಗ್ಗುತ್ತ ಕುಗ್ಗುತ್ತ ಹಿಡಿಯಷ್ಟಾಯಿತು. ತಳದಲ್ಲಿ ಒದ್ದೆ ಮಣ್ಣು, ಬೆವರು, ಸತ್ತ ಬಾವಲಿಯ ವಾಸನೆ. ಬೆಣಚುಕಲ್ಲಿನ ಗೆರೆ ಟಾರ್ಚಿಗೆ ಹೊಳೆಯಿತು. ಅಡ್ಡಸುರಂಗದೊಳಗೆ ಮಂಡಿಯೂರಿ ಅವನು ಅಗೆಯತೊಡಗಿದ. ಹತ್ತು ಏಟು ಹಾಕಿರಬೇಕು. ಮೇಲಿನಿಂದ ಹೆಸರು ಕೇಳಿಸಿತು.

"ಫೋದೆ ದ್ಯಾರಾ!"

ಅವನ ಬಲಗೈ ಬಂಟ ಸೂಂಗಾಲೊನ ದನಿ. ಇದೆಂಥ ಚೇಷ್ಟೆ ಎಂದುಕೊಂಡು ಫೋದೆ ಬಾಯಿ ತೆರೆದ. ಕೊರಳ ಹುರಿಯಲ್ಲಿ ಏನೋ ಹುಳದಂತೆ ಮಿಸುಕಿತು. ದನಿ ಹೊರಡಲಿಲ್ಲ. ಕಲ್ಲಿನ ದೂಳು, ಗಂಟಲು ಕಟ್ಟಿದೆ, ಅಷ್ಟೇ. ಉಗುಳು ನುಂಗಿದ. ಕಡಲೆಕಾಳಿನಷ್ಟು ಗಟ್ಟಿಯಾದದ್ದೊಂದು ಗಂಟಲೊಳಗೆ ಕೂತಿತ್ತು.

"ಫೋದೆ ದ್ಯಾರಾ!"

ಕೆಟ್ಟ ಗಾಳಿಯಿರಬೇಕು. ಕೆಟ್ಟ ಗಾಳಿಗೆ ತಲೆ ಸುತ್ತುತ್ತದೆ, ದನಿ ಹೋಗುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ಎದೆಯ ಉಸಿರನ್ನೆಲ್ಲ ಒತ್ತಿದ. ಎರಡನೆಯ ಕಾಳೂ ಗಂಟಲಿಗಿಳಿಯಿತು. ಆಗ ಬೆನ್ನ ಹಿಂದೆ, ಯಾರೂ ಇಲ್ಲದ ಕತ್ತಲೆಯಲ್ಲಿ, ಅವನದೇ ದನಿ ಮೆಲ್ಲಗೆ "ಇಲ್ಲಿದೀನಿ" ಎಂದಿತು.

ಅವನು ತಿರುಗಿದ. ಟಾರ್ಚಿನ ಬೆಳಕಿಗೆ ಬರಿಯ ಗೋಡೆ. ದನಿ ಬಂಡೆಯೊಳಗೆ ಸರಿಯುತ್ತಿತ್ತು. ಇಲ್ಲಿದೀನಿ. ಇನ್ನೂ ಆಳದಲ್ಲಿ. ಇಲ್ಲಿದೀನಿ.

ಮೂರನೆಯ ಕೂಗು ಬಂತು. ಮೂರನೆಯದು ಇಳಿಯಿತು.

ಅವನು ಪಿಕಾಸಿ ಎತ್ತಿ ಬಂಡೆಗೆ ಬಡಿದ. ಮೂರು ಏಟು. ಮತ್ತೆ ಮೂರು. ಮೇಲೆ ಸಿರಾ ಏನೋ ಹೇಳುತ್ತಿದ್ದಳು, ಅವನು ಒಳಗಿದಾನೆ, ಬಡಿತ ಕೇಳಿಸ್ತಿಲ್ವಾ ಎಂದು. ಸೂಂಗಾಲೊನ ಉತ್ತರ ಗುಂಡಿಯ ಗೋಡೆಗುಂಟ ಸ್ಪಷ್ಟವಾಗಿ ಇಳಿದು ಬಂತು.

"ಕಲ್ಲನ್ನ ಯಾರು ಬೇಕಾದ್ರೂ ಬಡೀಬಹುದು ತಂಗಿ. ಕಾನೂನು ನಾನು ಮಾಡಿದ್ದಲ್ಲ."

ಹಗ್ಗ ಸರ್ರನೆ ಮೇಲಕ್ಕೆ ಹೋಯಿತು. ಮೊದಲ ದಿಮ್ಮಿ ಬಿತ್ತು. ಹಿಡಿಯಷ್ಟು ಬಿಸಿಲು ಅರ್ಧವಾಯಿತು. ಗೆರೆಯಾಯಿತು. ಆರಿತು. ಟಾರ್ಚೂ ಆರಿತು. ಅವನು ಬಡಿದ. ಕೈ ಹರಿಯಿತು. ಬಡಿದ. ಉಸಿರು ಸಾಲಲಿಲ್ಲ. ಬಂಡೆಯೊಳಗಿನಿಂದ ಅವನ ದನಿ ಅವನನ್ನೇ ಹೆಸರು ಹಿಡಿದು ಕರೆಯತೊಡಗಿತು. ಇನ್ನೂ ಒಳಗೆ ಬಾ ಎಂದಿತು. ಅವನು ಕಿವಿ ಮುಚ್ಚಿಕೊಂಡ. ಮುಚ್ಚಿದ ಕಿವಿಯೊಳಗೂ ಅದೇ. ಬಡಿದ.

ಎಷ್ಟು ಹೊತ್ತಾಯಿತೋ. ಸುರಂಗದ ಎಡಗೋಡೆ ಬಡಿತಕ್ಕೆ ಬಡಿತ ಕೊಟ್ಟಿತು. ಮೂರು ಏಟು. ಒಂದು ಕಲ್ಲು ಜರುಗಿತು, ಇನ್ನೊಂದು. ತೂತಿನಿಂದ ತಣ್ಣನೆ ಗಾಳಿಯೂ ಒಂದು ಕೈಯೂ ಒಳಬಂದವು. ಪಕ್ಕದ ಹಳೆಯ ಗುಂಡಿಗೆ ಕೆಕೋರೊ ತಾನೇ ತೋಡಿ, ತಾನೇ ಕಲ್ಲು ತುಂಬಿ ಮುಚ್ಚಿದ್ದ ದಾರಿ ಅದು. ಮೂಗ ಅವನ ತೋಳು ಹಿಡಿದು ಎಳೆದ.

ಮೇಲೆ ಬಿಸಿಲಿಗೆ ಬಿದ್ದ ಫೋದೆ ಕೊರಳಿನ ಹುರಿಯನ್ನು ತಡಕಿದ. ಅದರಲ್ಲಿ ಒಂದು ಗಂಟೂ ಇರಲಿಲ್ಲ. ಹೊಸ ನೂಲಿನಂತೆ ನುಣುಪಾಗಿತ್ತು. ಕತ್ತಿನ ಚರ್ಮದಡಿ ಬೆರಳಿಗೆ ಮೂರು ಗಟ್ಟಿ ಕಾಳುಗಳು ಸಿಕ್ಕವು. ಹಳೆಯ ಗುಂಡಿಯ ಬಾಯಲ್ಲಿ ಹಗ್ಗ ಹಿಡಿದಿದ್ದ ಸಿರಾಳತ್ತ ಅವನು ಬಾಯಿ ತೆರೆದ, ಮುಚ್ಚಿದ.

"ನಿನಗೋಸ್ಕರ ಅಲ್ಲ," ಎಂದಳು ಸಿರಾ. "ಬಡಿತ ಕೇಳಿದ್ರೆ ಹೋಗ್ಬೇಕು. ಅದು ಹಳೇ ಕಾನೂನು."

ಅವನು ತಂಬಾನ ಗುಡಿಸಲಿಗೆ ಹೋಗಿ, ಹುರಿಯನ್ನು ಮುದುಕನ ಕಾಲ ಬಳಿ ಇಟ್ಟ. ಮುದುಕ ಅದನ್ನು ಬೆರಳಿಗೆ ಸುತ್ತಿ ನೋಡಿದ. ಗಂಟಿದ್ದರೆ ಬಿಚ್ಚಬಹುದಿತ್ತು ಎಂದು ಮಾತ್ರ ಹೇಳಿದ.

ಸೋಮವಾರ ಹುಣಸೆಮರದಡಿ ಸಭೆ ಸೇರಿತು. ಯಜಮಾನನ ಜಾಗದಲ್ಲಿ ಸೂಂಗಾಲೊ ಕೂತಿದ್ದ. ಬಾಯಿಯ ಕಾನೂನು ಹೀಗೇ ಇರಲಿ, ಬೇಡ ಎನ್ನುವವರು ಹೇಳಿ ಎಂದು ಮೂರು ಸಲ ಕೇಳಿದ. ಫೋದೆ ಕೈಯೆತ್ತಿದ. ಕೈಗೆ ಲೆಕ್ಕವಿಲ್ಲವೆಂದು ಬರೆಸಿದವನು ಅವನೇ. ಎದ್ದು ನಿಂತ. ಕೊನೆಗೆ ಒಂದು ಕಲ್ಲು ತೆಗೆದುಕೊಂಡು ಇನ್ನೊಂದು ಕಲ್ಲಿಗೆ ಬಡಿದ. ಮೂರು ಏಟು.

ಯಾರೂ ತಿರುಗಲಿಲ್ಲ. ಗುಂಪಿನ ಆಚೆ ತುದಿಯಲ್ಲಿ ಕೆಕೋರೊ ಒಬ್ಬನೇ ತಲೆಯೆತ್ತಿ ನೋಡಿದ.