ಚಹಾ ಬಿಟ್ಟವರ ಮನೆಯ ಕಳ್ಳ

"ಬ್ರೇಕ್ ಒತ್ತೋ ವಹಾಬಾ!"

ಒತ್ತಿದ. ನನ್ನ ಹಣೆ ಡ್ಯಾಶ್‌ಬೋರ್ಡಿಗೆ ಧಡ್ ಎಂದಿತು!

ನಮ್ಮ ಓಮ್ನಿಗೂ ಖಾನಾಪುರದ ಹೆಂಚಿನ ಲಾರಿಗೂ ನಡುವೆ ಗೇಣು ಜಾಗ. ಲಾರಿಯಾಚೆ ಕೆಂಪು ಹೆಲ್ಮೆಟ್‌ನವನ ಬೈಕು ಬೆಳಗಾವಿಯ ಕಡೆ... ಮಾಯ!

"ಹೋದಾ ಅಣ್ಣಾ."

"ಕಿರಚಬ್ಯಾಡ!"

"ನಾ ಪಿಸುಗುಟ್ಟಿದ್ನಿ ಅಣ್ಣಾ."

ಕೇಳಿ. ನಾನು ಅತಿಶಯ. ಪ್ರೈವೇಟ್ ಡಿಟೆಕ್ಟಿವ್. ವಹಾಬ ನನ್ನ ಡ್ರೈವರ್, ಗೆಳೆಯ, ಟೀಕಾಕಾರ. ಅಂದು ನನ್ನ ತಲೆಯೊಳಗೆ ಯಾರೋ ಕೂತು ತಗಡು ಬಡಿಯುತ್ತಿದ್ದರು.

ಕೇಸು ಇಷ್ಟೇ. ಟಿಳಕವಾಡಿಯ ನೇಮಣ್ಣ ಕಾಕಾನ ದೇವರ ಕೋಣೆಯಿಂದ ಬೆಳ್ಳಿಯ ಪಾರ್ಶ್ವನಾಥ ಕಾಣೆಯಾಗಿದ್ದ. ಬೀಗದ ಕೈ ಇದ್ದದ್ದು ವಾಚ್‌ಮನ್ ಗುರುಪುತ್ರಪ್ಪನ ಬಳಿ. ಸಂಜೆಯೊಳಗೆ ಮೂರ್ತಿ ಸಿಗದಿದ್ದರೆ ಆತ ಪೊಲೀಸರ ಪಾಲು. ಆ ಮುದುಕ ಕದ್ದಿಲ್ಲ ಎಂದು ನನ್ನ ಒಳಮನಸ್ಸು ಹೇಳುತ್ತಿತ್ತು. ಆದರೆ ಅಂದು ನನ್ನ ಮನಸ್ಸೂ ನೆಟ್ಟಗಿರಲಿಲ್ಲ!

ಖಾನಾಪುರದ ಅಕ್ಕಸಾಲಿಗನೊಬ್ಬ ಫೋನ್ ಮಾಡಿದ್ದ. ಹೆಲ್ಮೆಟ್ ತೆಗೆಯದ ಗಿರಾಕಿಯೊಬ್ಬ ಬೆಳ್ಳಿ ಮೂರ್ತಿ ಕರಗಿಸಿಕೊಡು ಎಂದು ನಿನ್ನೆಯಿಂದ ಗಂಟುಬಿದ್ದಿದ್ದಾನೆ. ಆಗೋದಿಲ್ಲ ಎಂದರೆ ಎದುರಿನ ಚಹಾ ಗಾಡಿಯಲ್ಲಿ ಕೂರುತ್ತಾನೆ. ಹೆಲ್ಮೆಟ್ಟಿನ ಗಾಜು ಎತ್ತಿ ಕಪ್ಪಿನ ಮೇಲೆ ಕಪ್ಪು ಇಳಿಸುತ್ತಾನೆ.

ಆ ಗಾಡಿಯ ಬಳಿ ಹೊಂಚು ಹಾಕಿದೆವು. ನಾನು ಕುಡಿದದ್ದು ಬರೀ ನೀರು. ಆತ ನಮ್ಮನ್ನು ನೋಡಿದ... ಬೈಕ್ ಒದ್ದ... ಮುಂದಿನದು ನಿಮಗೆ ಗೊತ್ತು.

"ವಹಾಬಾ, ಆ ನೀರಾಗ ವಿಷಾ ಹಾಕ್ಯಾರ. ದವಾಖಾನಿಗೆ ನಡಿ!"

ನೆಹರು ನಗರದ ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಪೂನಮ್ ಡಾಕ್ಟರ್. ಬಿ.ಪಿ. ನೋಡಿದಳು. ಕಣ್ಣಿಗೆ ಟಾರ್ಚ್ ಹಿಡಿದಳು.

"ತಲಿನೋವು ಯಾವಾಗಿಂದ?"

"ನಿನ್ನಿ ಮಧ್ಯಾಹ್ನದಿಂದ."

"ನೀರ ಕುಡದದ್ದು?"

"ಈಗ ತಾಸಿನ ಹಿಂದ."

"ಭಾರೀ ವಿಷಾ ಬಿಡ್ರಿ. ಒಂದಿನಾ ಮೊದಲ ಬಂದ ಕೆಲಸಾ ಸುರು ಮಾಡೇತಿ!"

ನರ್ಸ್ ಬಾಯಿ ಮುಚ್ಚಿಕೊಂಡು ಹೊರಗೋಡಿದಳು.

"ಚಹಾ ಯಾವಾಗ ಕುಡದ್ರಿ?"

ಹಲ್ಲು ಕಡಿದೆ. ನಿನ್ನೆ ಬೆಳಿಗ್ಗೆ ನಮ್ಮ ಜೈನರ ಹತ್ತು ದಿನದ ದಶಲಕ್ಷಣ ಪರ್ವ ಶುರು. ನೇಮಣ್ಣ ಕಾಕಾನ ಮನೆಯಲ್ಲಿ ಎಲ್ಲರೂ ನೇಮ ಹಿಡಿಯುವಾಗ ನಮ್ಮವ್ವ ರಾಜಮತಿ ನನ್ನ ಕೈಯನ್ನೂ ಎತ್ತಿ ಹಿಡಿದಿದ್ದಳು. ಪರ್ವ ಮುಗಿಯುವವರೆಗೆ ಚಹಾ ಬಂದ್!

"ದಿನಾ ಕಿಟ್ಲಿಗಟ್ಲೆ ಕುಡ್ಯಾಂವ ಒಮ್ಮಿಗೇ ಬಿಟ್ರ ಹಿಂಗ ಆಕ್ಕೇತಿ. ತಲಿನೋವು, ಸಿಟ್ಟು, ತೂಕಡಿಕಿ, ವಾಂತಿ ಬಂದಂಗ. ಕೆಫೀನ್ ವಿತ್‌ಡ್ರಾವಲ್! ಎರಡನೇ ದಿನಾ ಭಾಳ ಜೋರ. ವಾರದಾಗ ತಾನ ಇಳೀತೇತಿ."

"ಔಷಧಾ?"

"ಪರ್ವಕ್ಕ ಮೊದಲ ಒಂದೊಂದ ಕಪ್ಪ ಕಡಿಮಿ ಮಾಡ್ಕೋತ ಬರಬೇಕಿತ್ತು. ಈಗ ನೀರ ಕುಡೀರಿ, ನಿದ್ದಿ ಮಾಡ್ರಿ. ತಡಕೊಳ್ಳಾಕ ಆಗ್ಲಿಲ್ಲಂದ್ರ ಈ ಸಾದಾ ಗುಳಗಿ. ನಿಮ್ಮ ಕಿಸೇದಾಗ ಯಾವಾಗ್ಲೂ ಇರ್ತೇತಲ್ಲ, ಆ ತಲಿನೋವಿನ ಗುಳಗಿ ಬ್ಯಾಡ. ಅದರಾಗೂ ಕೆಫೀನ್ ಇರ್ತೇತಿ. ನೇಮ ಹಿತ್ತಲ ಬಾಗಲದಿಂದ ಓಡಿ ಹೊಕ್ಕೇತಿ!"

ಗುಂಡೇಟಿಗೆ ಹೆದರದವನು ನಾನು. ಚಹಾ ಎಲೆ ನನ್ನನ್ನು ಮಲಗಿಸಿತ್ತು.

ಟಿಳಕವಾಡಿಗೆ ಬಂದೆವು. ಮನೆ ಯುದ್ಧಭೂಮಿಯಂತಿತ್ತು! ನೇಮಣ್ಣ ಕಾಕಾನ ತಲೆಗೆ ಒದ್ದೆ ಟವೆಲ್. ಪದ್ಮವ್ವ ಕಾಕು ಗಡಿಯಾರಕ್ಕೆ ಬೈಯುತ್ತಿದ್ದಳು. ಟಿಕ್ ಟಿಕ್ ಎಂದು ಒದರುತ್ತದಂತೆ! ಗೇಟಿನ ಬಳಿ ಗುರುಪುತ್ರಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

ಆಗ ಮೆಟ್ಟಿಲಿಳಿದು ಬಂದ ಶೀತಲ. ಕಾಕಾನ ಅಣ್ಣನ ಮಗ. ಮಚ್ಛೆಯಲ್ಲಿ ವರ್ಕ್‌ಶಾಪ್. ಅಲ್ಲಿ ಮಷೀನು ನಿಂತರೂ ಅವನ ಚಹಾ ಕಿಟ್ಲಿ ನಿಲ್ಲುವುದಿಲ್ಲ. ನಿನ್ನೆ ಬೆಳಿಗ್ಗೆ ಉಪವಾಸ, ಮೌನ ಎರಡನ್ನೂ ಹಿಡಿದು ಮೇಲಿನ ಕೋಣೆ ಸೇರಿ ಚಿಲಕ ಹಾಕಿಕೊಂಡಿದ್ದ. ಮೌನ ಹಿಡಿದವರ ಬಾಗಿಲನ್ನು ನಮ್ಮಲ್ಲಿ ಯಾರೂ ಬಡಿಯುವುದಿಲ್ಲ.

ಮೌನ ಮುರಿದು ಅವನಾಡಿದ ಮೊದಲ ಮಾತು: "ಪೊಲೀಸರಿಗೆ ಫೋನ್ ಮಾಡ್ರಿ ಕಾಕಾ. ತಡಾ ಯಾಕ?"

ಮುಖ ನೋಡಿದೆ. ಈಗ ತಾನೇ ಅರಳಿದ ದಾಸವಾಳ!

"ಶೀತಲಾ, ತಲಿ ನೋಯಂಗಿಲ್ಲೇನೋ?"

"ಎಲ್ಲೀದೋ? ಆತ್ಮಬಲ ಬೇಕ ಅದಕ್ಕ!"

ಹಾಡುತ್ತ ಮೇಲೆ ಹೋದ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಚಹಾ ಕುಡಿಯುವವನು... ಅವನೊಬ್ಬನ ತಲೆ ಮಾತ್ರ ಬಾಜಾ ಬಾರಿಸುತ್ತಿಲ್ಲ!

ಅನುಮಾನ ಸಿಕ್ಕಿತು. ಅನುಮಾನಕ್ಕೆ ಬೇಡಿ ಬೀಳುವುದಿಲ್ಲ. ಸಾಕ್ಷಿ ಬೇಕು.

ಹಿತ್ತಲಿಗೆ ಹೋದೆ. ಅವನ ಕಿಟಕಿಯ ಕೆಳಗೆ ನಿಂತು ಗಂಟಲು ದಪ್ಪ ಮಾಡಿದೆ. ಕಾಲೇಜಿನ ಗ್ಯಾದರಿಂಗ್ ನಾಟಕದಲ್ಲಿ ಇದೇ ಇನ್ಸ್‌ಪೆಕ್ಟರ್ ದನಿಗೆ ಸೀಟಿ ಬಿದ್ದಿದ್ದವು.

"ಏ ಹವಾಲ್ದಾರಾ! ನಾಯಿ ತಾ! ಮ್ಯಾಲಿನ ಖೋಲಿಯಿಂದ ಸುರು ಮಾಡು!"

ವಹಾಬ ಬೊಗಳಿದ. ಅಂಥ ನಾಯಿಯನ್ನು ಇಲಾಖೆ ಎಂದೂ ಸಾಕಿಲ್ಲ!

ಹಿತ್ತಲ ಮೆಟ್ಟಿಲ ಮೇಲೆ ಧಡಧಡ ಸದ್ದು. ಶೀತಲ! ಒಂದು ಕೈಯಲ್ಲಿ ಚೀಲ. ಇನ್ನೊಂದರಲ್ಲಿ ಕೆಂಪು ಹೆಲ್ಮೆಟ್!

"ಸರಿ ಬಾಜು! ತಲಿ ಒಡೀತೇನಿ!"

"ಒಡೀಲಿಕ್ಕೆ ಏನ ಉಳಿದೇತೋ?"

ಹೆಲ್ಮೆಟ್ ಬೀಸಿದ. ಬಗ್ಗಿದೆ. ಚಹಾ ಇಲ್ಲದ ಮೈ, ತಡವಾಗಿ ಬಗ್ಗಿತು! ಭುಜ ಹಿಡಿದು ಕೂತೆ. ಅವನು ಗೇಟಿನತ್ತ ಓಡಿದ.

ಗೇಟು ಮುಚ್ಚಿಕೊಂಡಿತು. ಮುಂದೆ ಗುರುಪುತ್ರಪ್ಪ. ಟೋಪಿ ತಲೆಯ ಮೇಲೆ.

"ಎಲ್ಲಿ ಹೊಂಟೀರಿ, ಸಣ್ಣ ಧಣ್ಯಾರ?"

ವಹಾಬ ಹಿಂದಿನಿಂದ ತೆಕ್ಕೆಬಿದ್ದ. ಚೀಲದಿಂದ ಪಾರ್ಶ್ವನಾಥ ಹೊರಬಂದ. ಯಾರ ಮೇಲೂ ಸಿಟ್ಟಿಲ್ಲದ ಅದೇ ಶಾಂತ ಮುಖ.

ನೇಮಣ್ಣ ಕಾಕಾ ಟವೆಲ್ ತೆಗೆದು ಗುರುಪುತ್ರಪ್ಪನ ಎರಡೂ ಕೈ ಹಿಡಿದ. "ತಪ್ಪಾತಪಾ ನಂದು..."

ಮುದುಕ, ಕಾಕಾ ಕಸಿದಿಟ್ಟುಕೊಂಡಿದ್ದ ಬೀಗದ ಕೈ ವಾಪಸ್ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡ.

ಠಾಣೆಯಲ್ಲಿ ಹೇಳಿಕೆ ಕೊಡಲು ನನ್ನನ್ನೂ ಕೂರಿಸಿದರು. ಶೀತಲ ಎಲ್ಲ ಒಪ್ಪಿಕೊಂಡ. ಹೊಸ ಬುಲೆಟ್ ಗಾಡಿಯ ಹುಚ್ಚಿಗೆ, ಗುರುಪುತ್ರಪ್ಪ ತೂಕಡಿಸುವಾಗ ಬೀಗದ ಕೈ ಎಗರಿಸಿ ಮತ್ತೆ ಅಲ್ಲೇ ಇಟ್ಟಿದ್ದನಂತೆ. ಖರೇ ಹೇಳಿದ ಎಂದು ಇನ್ಸ್‌ಪೆಕ್ಟರಿಗೆ ಖುಷಿಯಾಗಿ ಅವನಿಗೆ ಏಲಕ್ಕಿ ಹಾಕಿದ ಚಹಾ ತರಿಸಿದರು. ಸುರ್ರ್... ಎಂದು ಹೀರಿದ ಹರಾಮಖೋರ!

"ನಿಮಗ್ರೀ, ಡಿಟೆಕ್ಟಿವ್?"

ಮೂಗಿನ ತುಂಬ ಏಲಕ್ಕಿ. ಕಣ್ಣ ತುಂಬ ಅವ್ವ.

"ನನಗ ಬಿಸಿನೀರ್ರಿ."

ಅವನಿಗೆ ಬೇಲ್ ಮೂರೇ ದಿನದಲ್ಲಿ ಸಿಕ್ಕಿತು. ನನಗೆ ಪರ್ವ ಮುಗಿದ ಮೇಲೆ.